ಯಂತ್ರದ ಗರಗಸಕ್ಕೆ ಶುದ್ಧತರವಾದ ಇಂಧನ: ಆಲ್ಕೈಲೇಟ್ ಪೆಟ್ರೋಲಿನ ವಿಚಾರ

ಮಲೆನಾಡಿನ ಕಾಫಿ, ಅಡಿಕೆ, ಏಲಕ್ಕಿ ತೋಟಗಳಲ್ಲಿ ಹಿಂದೆ ಕೊಡಲಿ, ಕತ್ತಿ ಮತ್ತು ಇಬ್ಬರು ಕೂಡಿ ಎಳೆಯುವ ಗರಗಸಗಳಿಂದ ನಡೆಯುತ್ತಿದ್ದ ಕೆಲಸವು ಈಗ ಬಹುಮಟ್ಟಿಗೆ ಪೆಟ್ರೋಲಿನಿಂದ ನಡೆಯುವ ಚಿಕ್ಕ ಯಂತ್ರಗಳ ಪಾಲಾಗಿರುತ್ತದೆ. ಮರಗಸಿಯ ಕಾಲದಲ್ಲಿ ನೆರಳುಮರಗಳ ದಪ್ಪ ಕೊಂಬೆಗಳನ್ನು ತುಂಡರಿಸುವುದಕ್ಕೂ, ಬಲಿತ ಸಿಲ್ವರ್ ಓಕ್ ಮರಗಳನ್ನು ಕೊಯ್ಯುವುದಕ್ಕೂ, ಗಾಳಿಮಳೆಗೆ ಉರುಳಿದ ಮರಗಳನ್ನು ದಾರಿಯಿಂದ ತೆಗೆಯುವುದಕ್ಕೂ ಸರಪಣಿ ಗರಗಸವು, ಅಂದರೆ ಜನರು ಚೈನ್ ಸಾ ಎಂದು ಕರೆಯುವ ಯಂತ್ರವು, ಅನಿವಾರ್ಯವಾಗಿ ಪರಿಣಮಿಸಿದೆ. ಕಳೆ ಕತ್ತರಿಸುವ ಯಂತ್ರ, ಬೆನ್ನಿಗೆ ಕಟ್ಟಿಕೊಂಡು ಔಷಧವನ್ನು ಮಂಜಿನಂತೆ ಎರಚುವ ಯಂತ್ರ ಇವುಗಳಲ್ಲಿಯೂ ಅನೇಕವು ಇದೇ ಜಾತಿಯ ಎಂಜಿನ್ನಿನಿಂದಲೇ ನಡೆಯತಕ್ಕವು. ಕೂಲಿಯಾಳುಗಳು ದುರ್ಲಭವಾಗಿರುವ ಈ ಕಾಲದಲ್ಲಿ ಇವುಗಳಿಂದ ಆಗಿರುವ ಉಪಕಾರವು ಸಾಮಾನ್ಯವಾದುದಲ್ಲ.

ಆದರೆ ದಿನವೆಲ್ಲಾ ಈ ಯಂತ್ರವನ್ನು ಹಿಡಿದು ಕೆಲಸಮಾಡಿದ ಆಳು ಸಂಜೆಗೆ ತಲೆನೋವೆಂದೂ, ಕಣ್ಣು ಉರಿಯುತ್ತದೆಂದೂ, ಊಟ ಸೇರದೆಂದೂ ಹೇಳುವುದನ್ನು ಜಮೀನುದಾರರು ಕೇಳಿಯೇ ಇರುವರು. ಇದನ್ನು ಬಿಸಿಲಿನ ದೋಷವೆಂದೋ, ದಣಿವೆಂದೋ ಎಣಿಸಿ ಸುಮ್ಮನಾಗುವುದು ವಾಡಿಕೆ. ಬಿಸಿಲೂ ದಣಿವೂ ಕಾರಣವಾಗಬಹುದು. ಆದರೆ ಯಂತ್ರದ ಹೊಗೆಯೂ ಇದಕ್ಕೆ ಒಂದು ಮುಖ್ಯ ಕಾರಣವೆಂಬುದನ್ನು ಮರೆಯಬಾರದು. ಆ ಹೊಗೆಯ ದೋಷದಲ್ಲಿ ಬಹುಭಾಗವು ಯಂತ್ರಕ್ಕೆ ಹಾಕುವ ಪೆಟ್ರೋಲಿನಿಂದಲೇ ಬರತಕ್ಕದ್ದು. ಇಂಧನವನ್ನು ಬದಲಾಯಿಸಿ ಈ ದೋಷವನ್ನು ಬಹಳವಾಗಿ ತಗ್ಗಿಸಬಹುದೆಂದು ಸ್ವೀಡನ್ ದೇಶದವರು ಅನುಭವದಿಂದ ತೋರಿಸಿಕೊಟ್ಟಿರುತ್ತಾರೆ. ಆ ಇಂಧನದ ಗುಣವೇನು, ಅದರ ಮಿತಿಗಳೇನು, ಅದು ಕೈಗೆ ದೊರೆಯುವವರೆಗೆ ನಮ್ಮಲ್ಲಿ ಅನುಸರಿಸಬೇಕಾದ ಕ್ರಮವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

೧. ಟೂ ಸ್ಟ್ರೋಕ್ ಎಂಜಿನ್ನಿನ ಸ್ವಭಾವ

ಕಾರು, ಟ್ರ್ಯಾಕ್ಟರು ಮೊದಲಾದುವುಗಳ ಎಂಜಿನ್ನಿನಲ್ಲಿ ಇಂಧನವನ್ನು ಒಳಕ್ಕೆ ಸೆಳೆಯುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರದೂಡುವುದು ಎಂಬ ನಾಲ್ಕು ಕೆಲಸಗಳು ಪಿಸ್ಟನ್ನಿನ ನಾಲ್ಕು ಪ್ರತ್ಯೇಕ ಚಲನೆಗಳಲ್ಲಿ ನಡೆಯುತ್ತವೆ. ಕೈಯಲ್ಲಿ ಹಿಡಿಯುವ ಯಂತ್ರವು ಹಗುರವಾಗಿರಬೇಕಾದುದರಿಂದ ಈ ನಾಲ್ಕನ್ನೂ ಎರಡೇ ಚಲನೆಗಳಲ್ಲಿ ಮುಗಿಸುವ ಎಂಜಿನ್ನನ್ನು ಅದಕ್ಕೆ ಅಳವಡಿಸಿರುತ್ತಾರೆ. ಇದಕ್ಕೆ ಕವಾಟಗಳಿಲ್ಲ, ಪ್ರತ್ಯೇಕವಾದ ಎಣ್ಣೆಯ ತೊಟ್ಟಿಯೂ ಇಲ್ಲ. ಎಂಜಿನ್ನಿನ ಒಳಭಾಗಗಳು ಸವೆಯದಂತೆ ಕಾಯುವ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು.

ಈ ಎಂಜಿನ್ನಿನಲ್ಲಿ ಉರಿದ ಹೊಗೆಯನ್ನು ಹೊರಕ್ಕೆ ತಳ್ಳುವುದು ಹೊಸದಾಗಿ ಒಳಬರುವ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವೇ. ಹೂಳು ತುಂಬಿದ ಕಾಲುವೆಗೆ ಮೇಲಿನಿಂದ ಹೊಸ ನೀರನ್ನು ಬಿಟ್ಟು ಕೊಚ್ಚೆಯನ್ನು ಹೊರಡಿಸುವಾಗ ಕೊಚ್ಚೆಯೊಂದಿಗೆ ಒಳ್ಳೆಯ ನೀರೂ ಸ್ವಲ್ಪ ಹರಿದುಹೋಗುವುದಷ್ಟೆ. ಅದರಂತೆಯೇ ಇಲ್ಲಿಯೂ ಹೊಗೆ ಹೊರಡುವ ದ್ವಾರವು ತೆರೆದಿರುವಾಗಲೇ ಹೊಸ ಮಿಶ್ರಣವು ಒಳಬರುವುದರಿಂದ ಅದರ ಒಂದು ಭಾಗವು ಉರಿಯದೆಯೇ ಸೈಲೆನ್ಸರಿನ ಮೂಲಕ ಹೊರಬೀಳುತ್ತದೆ. ಹಳೆಯ ಮಾದರಿಯ ಯಂತ್ರಗಳಲ್ಲಿ ಹೀಗೆ ಉರಿಯದೆ ಹೋಗುವ ಇಂಧನವು ಶೇಕಡಾ ೩೦ರವರೆಗೂ ಇರುವುದುಂಟು. ಇತ್ತೀಚಿನ ಕೆಲವು ಮಾದರಿಗಳಲ್ಲಿ ಹೊಸ ಮಿಶ್ರಣಕ್ಕೆ ಮುಂದಾಗಿ ಬರಿಯ ಗಾಳಿಯ ಒಂದು ಪದರವನ್ನು ಬಿಟ್ಟು ಈ ನಷ್ಟವನ್ನು ತಗ್ಗಿಸಿದ್ದಾರೆ. ಆದರೂ ಅದು ಪೂರ್ಣವಾಗಿ ನಿಂತಿಲ್ಲ.

ಇದರ ಅರ್ಥವನ್ನು ಸ್ಪಷ್ಟವಾಗಿ ತಿಳಿಯಬೇಕು. ಕಾರಿನ ಹೊಗೆಯಲ್ಲಿ ಮುಖ್ಯವಾಗಿರುವುದು ಉರಿದ ಪೆಟ್ರೋಲು. ಹಳೆಯ ಯಂತ್ರದ ಗರಗಸದ ಹೊಗೆಯಲ್ಲಿ ಉರಿದ ಪೆಟ್ರೋಲಿನ ಸಂಗಡ ಹಸಿಯ ಪೆಟ್ರೋಲೂ ಧಾರಾಳವಾಗಿರುತ್ತದೆ. ಆದುದರಿಂದ ತೊಟ್ಟಿಗೆ ಏನನ್ನು ಹಾಕುತ್ತೇವೆಯೋ ಅದರ ಒಂದು ಪಾಲನ್ನು ಕೆಲಸಗಾರನು ಹಾಗೆಯೇ ಉಸಿರಾಡುತ್ತಾನೆ. ಕಾರಿನ ಹೊಗೆಕೊಳವೆಯು ಸವಾರನ ಹಿಂದೆ ದೂರದಲ್ಲಿರುವುದು. ಅದರಲ್ಲಿ ಹೊಗೆಯನ್ನು ಶೋಧಿಸುವ ಉಪಕರಣವೂ ಇರುವುದು. ಗರಗಸದ ಸೈಲೆನ್ಸರಾದರೋ ಬಗ್ಗಿ ಕೆಲಸಮಾಡುವವನ ಮೂಗಿನಿಂದ ಎರಡು ಮೂರು ಅಡಿಗಳೊಳಗೇ ಇರುತ್ತದೆ.

೨. ಸಾಧಾರಣ ಪೆಟ್ರೋಲಿನಲ್ಲಿರುವ ದೋಷ

ಪೆಟ್ರೋಲು ಒಂದೇ ವಸ್ತುವಲ್ಲ. ಅದು ನೂರಾರು ವಸ್ತುಗಳ ಬೆರಕೆ. ಇವುಗಳಲ್ಲಿ ಆರೊಮ್ಯಾಟಿಕ್ ಎಂಬ ಒಂದು ಗುಂಪಿನವು ಪೆಟ್ರೋಲಿಗೆ ಬಡಿತವಿಲ್ಲದೆ ಉರಿಯುವ ಶಕ್ತಿಯನ್ನು ಕೊಡುತ್ತವೆಂಬ ಕಾರಣದಿಂದ ಅದರಲ್ಲಿ ಸಾಕಷ್ಟು ಇರುತ್ತವೆ. ಪೆಟ್ರೋಲಿಗೆ ಇರುವ ತೀಕ್ಷ್ಣವಾದ ವಾಸನೆಯು ಬಹುಮಟ್ಟಿಗೆ ಇವುಗಳದ್ದೇ. ಭಾರತದಲ್ಲಿ ೨೦೨೦ನೆಯ ಏಪ್ರಿಲ್ ೧ ರಿಂದ ಜಾರಿಯಲ್ಲಿರುವ ಬಿ.ಎಸ್. ೬ ಎಂಬ ಮಾನಕದ ಪ್ರಕಾರ ಪೆಟ್ರೋಲಿನಲ್ಲಿ ಆರೊಮ್ಯಾಟಿಕ್ ವಸ್ತುಗಳು ಶೇಕಡಾ ೩೫ರವರೆಗೂ, ಅವುಗಳಲ್ಲಿ ಒಂದಾದ ಬೆಂಜೀನ್ ಶೇಕಡಾ ೧ರವರೆಗೂ ಇರಬಹುದು. ಯೂರೋಪಿನ ದೇಶಗಳಲ್ಲಿಯೂ ಮಿತಿಗಳು ಇವೇ.

ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರನ್ನು ಉಂಟುಮಾಡತಕ್ಕ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತೀರ್ಮಾನಿಸಿ, ಅದನ್ನು ನಿಸ್ಸಂದೇಹವಾದ ಕಾರಣಗಳ ಮೊದಲನೆಯ ವರ್ಗದಲ್ಲಿ ಸೇರಿಸಿದೆ. ಇದು ಒಂದೆರಡು ದಿನಗಳಲ್ಲಿ ತೋರುವ ವ್ಯಾಧಿಯಲ್ಲ; ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಉಸಿರಾಡಿದವರಲ್ಲಿ ಅಪಾಯವು ಹೆಚ್ಚುತ್ತದೆ. ಕಣ್ಣಿಗೆ ಕಾಣದೆ ನಿಧಾನವಾಗಿ ನಡೆಯುವ ಹಾನಿಯಾದುದರಿಂದಲೇ ಅದನ್ನು ಯಾರೂ ಲಕ್ಷ್ಯಕ್ಕೆ ತರುವುದಿಲ್ಲ. ಟೊಲ್ವೀನ್, ಕ್ಸೈಲೀನ್ ಮೊದಲಾದ ಇತರ ಆರೊಮ್ಯಾಟಿಕ್ ವಸ್ತುಗಳು ತಲೆಸುತ್ತು, ತಲೆನೋವು, ಕಣ್ಣು ಗಂಟಲುಗಳ ಉರಿ ಇವುಗಳಿಗೆ ಕಾರಣವಾಗುತ್ತವೆ. ಅಲ್ಲದೆ ಎಂಜಿನ್ನಿನಲ್ಲಿ ಅರೆಬರೆ ಉರಿಯುವಾಗ ಅವುಗಳಿಂದಲೂ ಹೊಸದಾಗಿ ಬೆಂಜೀನ್ ಹುಟ್ಟುತ್ತದೆ.

ಲೆಕ್ಕದಿಂದ ನೋಡಿದರೆ ವಿಷಯವು ಇನ್ನೂ ವಿಶದವಾಗುವುದು. ಒಂದು ಹಳೆಯ ಗರಗಸಕ್ಕೆ ದಿನಕ್ಕೆ ೪ ಲೀಟರ್ ಇಂಧನ ಹಿಡಿಯಿತೆಂದೂ, ಅದರಲ್ಲಿ ಕಾಲು ಭಾಗವು ಉರಿಯದೆ ಹೊರಬಿದ್ದಿತೆಂದೂ ಇಟ್ಟುಕೊಳ್ಳೋಣ. ಆಗ ದಿನಕ್ಕೆ ೧ ಲೀಟರ್ ಹಸಿ ಪೆಟ್ರೋಲು ಕೆಲಸದ ಸ್ಥಳದ ಗಾಳಿಯಲ್ಲಿ ಸೇರುತ್ತದೆ. ಮಾನಕದ ಗರಿಷ್ಠ ಮಿತಿಯ ಪೆಟ್ರೋಲಾಗಿದ್ದರೆ ಅದರಲ್ಲಿ ೩೫೦ ಮಿಲಿಲೀಟರಿನಷ್ಟು ಆರೊಮ್ಯಾಟಿಕ್ ವಸ್ತುಗಳೂ, ಅವುಗಳೊಳಗೆ ೧೦ ಮಿಲಿಲೀಟರ್ ಬೆಂಜೀನೂ ಇರುತ್ತವೆ. ಇದಿಷ್ಟನ್ನೂ ಒಬ್ಬನೇ ಉಸಿರಾಡುವುದಿಲ್ಲ. ಬಹುಭಾಗವು ಗಾಳಿಗೆ ಹೋಗುತ್ತದೆ. ಆದರೆ ಗಾಳಿಯಾಡದ ದಟ್ಟವಾದ ತೋಟದಲ್ಲಿ ಹೊಗೆಯು ಬೇಗ ಚದರದೆ ಕೆಲಸಗಾರನ ಸುತ್ತಲೂ ಕವಿದುಕೊಂಡಿರುವುದು.

೩. ಸ್ವೀಡನ್ ದೇಶದ ಅನುಭವ

ಸ್ವೀಡನ್ ಯೂರೋಪಿನ ಉತ್ತರದಲ್ಲಿರುವ ಒಂದು ಅರಣ್ಯಪ್ರಧಾನ ದೇಶ. ಅಲ್ಲಿಯ ಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಕಾಡು. ಆ ಕಾಡಿನಲ್ಲಿಯೂ ಸುಮಾರು ಅರ್ಧದಷ್ಟು ಸಾಮಾನ್ಯ ಜಮೀನುದಾರ ಕುಟುಂಬಗಳ ಸ್ವತ್ತಾಗಿರುವುದು. ಮರ ಕೊಯ್ಯುವುದೇ ಜೀವನವಾಗಿದ್ದ ಅಲ್ಲಿಯ ಕೆಲಸಗಾರರು ಗರಗಸದ ಹೊಗೆಯಿಂದ ತಲೆನೋವು, ವಾಕರಿಕೆ, ಕಣ್ಣು ಮೂಗುಗಳ ಉರಿ ಬರುತ್ತವೆಂದು ಬಹುಕಾಲ ದೂರುತ್ತಿದ್ದರು. ೧೯೮೦ರ ದಶಕದಲ್ಲಿ ಅಲ್ಲಿಯ ಸಂಶೋಧಕರು ಕೆಲಸಗಾರರು ಉಸಿರಾಡುವ ಗಾಳಿಯನ್ನೇ ಸಂಗ್ರಹಿಸಿ ಪರೀಕ್ಷಿಸಿದರು. ದೂರುಗಳು ನಿರಾಧಾರವಲ್ಲವೆಂದು ಖಚಿತವಾಯಿತು.

ಯಂತ್ರದ ರಚನೆಯನ್ನು ಬದಲಾಯಿಸಲು ಬಹುಕಾಲ ಬೇಕು. ಹಳೆಯ ಯಂತ್ರಗಳನ್ನೆಲ್ಲಾ ಎಸೆಯುವಂತೆಯೂ ಇಲ್ಲ. ಆದಕಾರಣ ಇಂಧನವನ್ನೇ ಶುದ್ಧಗೊಳಿಸಬೇಕೆಂಬ ಯೋಚನೆ ಹುಟ್ಟಿತು. ರೋಲಂಡ್ ಎಲ್ಮಾಂಗ್ ಎಂಬ ರಸಾಯನ ಶಾಸ್ತ್ರಜ್ಞರು ಆಲ್ಕೈಲೇಟ್ ಎಂಬ ವಸ್ತುವಿನಿಂದ ಚಿಕ್ಕ ಯಂತ್ರಗಳಿಗೆ ತಕ್ಕ ಪೆಟ್ರೋಲನ್ನು ಸಿದ್ಧಪಡಿಸಿದರು. ಅದು ೧೯೮೮ರಲ್ಲಿ ಆಸ್ಪೆನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಈ ಉದ್ಯಮವು ಮುಂದೆ ಲಾಂಟ್‌ಮೆನ್ನೆನ್ ಎಂಬ ಸಂಸ್ಥೆಯ ಕೈಗೆ ಸೇರಿತು. ಈ ಲಾಂಟ್‌ಮೆನ್ನೆನ್ ಎಂಬುದು ಸ್ವೀಡನ್ನಿನ ರೈತರೇ ಒಡೆಯರಾಗಿರುವ ಸಹಕಾರ ಸಂಘವೆಂಬುದು ನಮ್ಮ ಜಮೀನುದಾರರು ಗಮನಿಸತಕ್ಕ ಸಂಗತಿ.

ಸ್ವೀಡನ್ ಸರ್ಕಾರವು ಈ ಇಂಧನಕ್ಕೆ ಪ್ರತ್ಯೇಕ ಮಾನಕವನ್ನು ಗೊತ್ತುಮಾಡಿ, ಸಾಧಾರಣ ಪೆಟ್ರೋಲಿಗಿಂತ ಕಡಮೆಯಾದ ತೆರಿಗೆಯನ್ನು ವಿಧಿಸಿತು. ಸ್ವಿಟ್ಜರ್ಲೆಂಡಿನಲ್ಲಿಯೂ ಇದಕ್ಕೆ ಪ್ರತ್ಯೇಕ ಮಾನಕವಿದೆ. ಗರಗಸಗಳನ್ನು ತಯಾರಿಸುವ ಸ್ಟೀಲ್, ಹುಸ್ಕ್‌ವಾರ್ನಾ ಮೊದಲಾದ ಕಂಪೆನಿಗಳು ಕಾಲಕ್ರಮದಲ್ಲಿ ತಮ್ಮ ತಮ್ಮ ಹೆಸರಿನಲ್ಲಿಯೂ ಇದೇ ಬಗೆಯ ಇಂಧನವನ್ನು ಮಾರಾಟಕ್ಕೆ ತಂದಿರುತ್ತವೆ.

೪. ಆಲ್ಕೈಲೇಟ್ ಎಂದರೇನು

ಕಲ್ಲೆಣ್ಣೆಯನ್ನು ಶುದ್ಧಿಮಾಡುವ ಕಾರ್ಖಾನೆಗಳಲ್ಲಿ ಐಸೊಬ್ಯೂಟೇನ್, ಬ್ಯೂಟೀನ್ ಮುಂತಾದ ಹಗುರವಾದ ಅನಿಲಗಳು ಉತ್ಪನ್ನವಾಗುತ್ತವೆ. ಇವು ಅಡಿಗೆಯ ಅನಿಲಕ್ಕೆ ಹತ್ತಿರದ ಸಂಬಂಧಿಗಳು. ಅನಿಲವಾಗಿಯೇ ಇರುವುದರಿಂದ ಪೆಟ್ರೋಲಿನಂತೆ ಉಪಯೋಗಕ್ಕೆ ಬಾರವು. ಪ್ರಬಲವಾದ ಗಂಧಕಾಮ್ಲ ಅಥವಾ ಹೈಡ್ರೊಫ್ಲೋರಿಕ್ ಆಮ್ಲದ ಸಾನ್ನಿಧ್ಯದಲ್ಲಿ ಇವುಗಳ ಅಣುಗಳನ್ನು ಎರಡೆರಡಾಗಿ ಜೋಡಿಸಿದರೆ ಸ್ವಚ್ಛವಾದ, ವಾಸನೆ ಬಹು ಕಡಮೆಯಾದ ಒಂದು ದ್ರವ ದೊರೆಯುತ್ತದೆ. ಇದೇ ಆಲ್ಕೈಲೇಟ್. ಈ ಕ್ರಮವನ್ನು ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ವ್ಲಾದಿಮಿರ್ ಇಪಾತಿಯೆಫ್ ಮತ್ತು ಹರ್ಮನ್ ಪೈನ್ಸ್ ಎಂಬ ವಿಜ್ಞಾನಿಗಳು ಕಂಡುಹಿಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗೆ ಉತ್ತಮವಾದ ಪೆಟ್ರೋಲನ್ನು ಒದಗಿಸಲು ಇದನ್ನು ಹೇರಳವಾಗಿ ತಯಾರಿಸಿದರು.

ಕಲ್ಲೆಣ್ಣೆಯಿಂದ ನೇರವಾಗಿ ಬೇರ್ಪಡಿಸಿದ ಪೆಟ್ರೋಲಿನಲ್ಲಿ ಕಲ್ಲೆಣ್ಣೆಯ ಗುಣದೋಷಗಳೆಲ್ಲವೂ ಅಷ್ಟಿಷ್ಟು ಉಳಿದು ಬರುತ್ತವೆ. ಆಲ್ಕೈಲೇಟಾದರೋ ಗೊತ್ತಾದ ಶುದ್ಧ ಅನಿಲಗಳಿಂದ ಕಟ್ಟಿದ ವಸ್ತುವಾದುದರಿಂದ ಬೇಡದ ವಸ್ತುಗಳು ಅದರಲ್ಲಿ ಸೇರಲು ಅವಕಾಶವೇ ಕಡಮೆ. ಚಿಕ್ಕ ಯಂತ್ರಗಳ ಆಲ್ಕೈಲೇಟ್ ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡಾ ೦.೧ ನ್ನೂ, ಎಲ್ಲಾ ಆರೊಮ್ಯಾಟಿಕ್ ವಸ್ತುಗಳು ಕೂಡಿ ಶೇಕಡಾ ೧ ನ್ನೂ ಮೀರುವುದಿಲ್ಲ. ಮೇಲೆ ಹೇಳಿದ ಲೆಕ್ಕವನ್ನೇ ಹಿಡಿದರೆ, ಉರಿಯದೆ ಹೋಗುವ ೧ ಲೀಟರಿನಲ್ಲಿ ೩೫೦ ಮಿಲಿಲೀಟರಿಗೆ ಬದಲಾಗಿ ೧೦ ಮಿಲಿಲೀಟರಿಗೆ ಮೀರದಷ್ಟು ಆರೊಮ್ಯಾಟಿಕ್ ವಸ್ತುಗಳೂ, ೧೦ ಮಿಲಿಲೀಟರಿಗೆ ಬದಲಾಗಿ ೧ ಮಿಲಿಲೀಟರಿಗೆ ಮೀರದಷ್ಟು ಬೆಂಜೀನೂ ಇರುತ್ತವೆ. ಯಂತ್ರವು ಅದೇ, ಕೆಲಸವೂ ಅದೇ. ವ್ಯತ್ಯಾಸವು ಡಬ್ಬಿಯಲ್ಲಿ ಮಾತ್ರ.

೫. ಇತರ ಪ್ರಯೋಜನಗಳೂ ಮಿತಿಗಳೂ

ಆಲ್ಕೈಲೇಟ್ ಪೆಟ್ರೋಲು ಬೇಗ ಕೆಡುವುದಿಲ್ಲ. ಸಾಧಾರಣ ಪೆಟ್ರೋಲಿಗೆ ಎಣ್ಣೆ ಬೆರೆಸಿಟ್ಟರೆ ಒಂದು ತಿಂಗಳ ಮೇಲೆ ಅದನ್ನು ಉಪಯೋಗಿಸುವುದು ಉಚಿತವಲ್ಲ. ಆಲ್ಕೈಲೇಟಾದರೋ ಮುಚ್ಚಿದ ಡಬ್ಬಿಯಲ್ಲಿ ಎರಡು ಮೂರು ವರ್ಷಗಳಾದರೂ ಹಾಗೆಯೇ ಇರುವುದು. ವರ್ಷದಲ್ಲಿ ಕೆಲವೇ ವಾರ ನಡೆಯುವ ಗರಗಸಕ್ಕೆ ಇದು ದೊಡ್ಡ ಅನುಕೂಲ. ಮಳೆಗಾಲವೆಲ್ಲಾ ಮೂಲೆಯಲ್ಲಿಟ್ಟಿದ್ದ ಯಂತ್ರವನ್ನು ಹೊರತೆಗೆದಾಗ ಕಾರ್ಬುರೇಟರಿನಲ್ಲಿ ಅಂಟು ಕಟ್ಟಿ ಹಗ್ಗ ಎಳೆದು ಎಳೆದು ಕೈಸೋಲುವ ತೊಂದರೆಯು ಬಹಳವಾಗಿ ತಪ್ಪುತ್ತದೆ. ಸ್ಪಾರ್ಕ್ ಪ್ಲಗ್ಗಿನಲ್ಲಿಯೂ ಸೈಲೆನ್ಸರಿನಲ್ಲಿಯೂ ಮಸಿ ಕಟ್ಟುವುದು ಕಡಮೆಯಾಗುತ್ತದೆ.

ಆದರೆ ಇದರಿಂದ ಎಲ್ಲಾ ದೋಷಗಳೂ ನಿವಾರಣೆಯಾಗುತ್ತವೆಂದು ತಿಳಿಯುವುದು ತಪ್ಪು. ಇಂಗಾಲದ ಮಾನಾಕ್ಸೈಡ್ ಎಂಬ, ವಾಸನೆಯೇ ಇಲ್ಲದ ಪ್ರಾಣಾಪಾಯಕರವಾದ ವಿಷಾನಿಲವು ಈ ಇಂಧನದಿಂದಲೂ ಹುಟ್ಟುತ್ತದೆ. ಆದುದರಿಂದ ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ಉಗ್ರಾಣದಲ್ಲಾಗಲಿ ಯಂತ್ರವನ್ನು ಎಂದಿಗೂ ನಡೆಯಿಸಕೂಡದು. ಬೆರೆಸಿದ ಎಣ್ಣೆಯ ಹೊಗೆಯೂ ಇದ್ದೇ ಇರುವುದು. ಬೆಂಕಿಯ ಅಪಾಯವು ಸಾಧಾರಣ ಪೆಟ್ರೋಲಿನಷ್ಟೇ. ಯಂತ್ರದ ಸದ್ದೂ ಕೈಗೆ ತಾಕುವ ನಡುಕವೂ ಕಡಮೆಯಾಗುವುದಿಲ್ಲ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇವು ಮೊದಲಿನಂತೆಯೇ ಅಗತ್ಯ. ಬೆಲೆಯ ಮಾತನ್ನೂ ಮರೆಮಾಡುವಂತಿಲ್ಲ: ಯೂರೋಪಿನಲ್ಲಿ ಇದರ ಬೆಲೆಯು ಸಾಧಾರಣ ಪೆಟ್ರೋಲಿನ ಎರಡು ಪಟ್ಟು ಅಥವಾ ಅದಕ್ಕಿಂತ ಹೆಚ್ಚಾಗಿರುತ್ತದೆ.

೬. ಇಂಧನವನ್ನು ಬದಲಾಯಿಸುವ ಕ್ರಮ

ಹೊಸ ಯಂತ್ರಕ್ಕೆ ಮೊದಲ ದಿನದಿಂದಲೇ ಆಲ್ಕೈಲೇಟ್ ಹಾಕುವುದು ಅತ್ಯುತ್ತಮ. ಬಹುಕಾಲ ಸಾಧಾರಣ ಪೆಟ್ರೋಲಿನಲ್ಲಿ ನಡೆದ ಯಂತ್ರಕ್ಕೆ ಬದಲಾಯಿಸುವಾಗ ಕೆಳಗಿನ ಸಂಗತಿಗಳನ್ನು ನೋಡಿಕೊಳ್ಳತಕ್ಕದ್ದು.

(ಅ) ಆರೊಮ್ಯಾಟಿಕ್ ವಸ್ತುಗಳಿಂದ ರಬ್ಬರು ಸ್ವಲ್ಪ ಉಬ್ಬಿಕೊಂಡಿರುತ್ತದೆ. ಅವಿಲ್ಲದ ಇಂಧನವನ್ನು ಹಾಕಿದಾಗ ಹಳೆಯ ರಬ್ಬರು ಕುಗ್ಗಿ, ಪೆಟ್ರೋಲಿನ ಕೊಳವೆಯಲ್ಲಿಯೋ ಕಾರ್ಬುರೇಟರಿನ ತೆಳುಪೊರೆಯಲ್ಲಿಯೋ ಸೋರಿಕೆ ತೋರಬಹುದು. ಹಳೆಯ ಯಂತ್ರವಾದರೆ ಈ ಭಾಗಗಳನ್ನೂ ತೊಟ್ಟಿಯೊಳಗಿನ ಜರಡಿಯನ್ನೂ ಮೊದಲೇ ಹೊಸದಾಗಿ ಹಾಕಿಸುವುದು ಲೇಸು. ಇವು ಹೆಚ್ಚು ಬೆಲೆಯವಲ್ಲ.

(ಆ) ಸಿಲಿಂಡರಿನಲ್ಲಿಯೂ ಸೈಲೆನ್ಸರಿನಲ್ಲಿಯೂ ದಪ್ಪವಾಗಿ ಮಸಿ ಕಟ್ಟಿದ್ದರೆ ಬದಲಾವಣೆಗೆ ಮೊದಲೇ ತೆಗೆಯಿಸಬೇಕು. ಇಲ್ಲದಿದ್ದರೆ ಅದು ಸಡಿಲವಾಗಿ ಪಿಸ್ಟನ್ನಿನ ಬದಿಗೆ ಸಿಕ್ಕಿ ಗೀರುಂಟಾಗಬಹುದು.

(ಇ) ಆಲ್ಕೈಲೇಟ್ ಸಾಧಾರಣ ಪೆಟ್ರೋಲಿಗಿಂತ ಹಗುರ. ಅದೇ ಅಳತೆಗೆ ತೂಕ ಕಡಮೆಯಾದುದರಿಂದ ಎಂಜಿನ್ನಿಗೆ ಇಂಧನ ಸ್ವಲ್ಪ ಸಾಲದಂತಾಗಬಹುದು. ಅನುಭವವುಳ್ಳ ಮೆಕ್ಯಾನಿಕ್ಕನಿಂದ ಕಾರ್ಬುರೇಟರನ್ನು ಸರಿಪಡಿಸಿಕೊಳ್ಳಬೇಕು. ತಾನೇ ಸರಿಮಾಡಿಕೊಳ್ಳುವ ಕಾರ್ಬುರೇಟರುಳ್ಳ ಹೊಸ ಯಂತ್ರಗಳಿಗೆ ಇದು ಬೇಕಾಗುವುದಿಲ್ಲ.

(ಈ) ಈ ಇಂಧನದಲ್ಲಿ ಎರಡು ಬಗೆಗಳುಂಟು. ಒಂದರಲ್ಲಿ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಮೊದಲೇ ಬೆರೆಸಿರುತ್ತಾರೆ. ಇನ್ನೊಂದು ಫೋರ್ ಸ್ಟ್ರೋಕ್ ಎಂಜಿನ್ನಿನದು, ಅದರಲ್ಲಿ ಎಣ್ಣೆಯಿಲ್ಲ. ಎರಡನೆಯದನ್ನು ಹಾಗೆಯೇ ಗರಗಸಕ್ಕೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಿಡಿದುಕೊಂಡು ನಾಶವಾಗುವುದು. ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಉಪಯೋಗಿಸಬೇಕು.

(ಉ) ಒಮ್ಮೆ ಬದಲಾಯಿಸಿದ ಮೇಲೆ ಒಂದು ದಿನ ಅದು, ಒಂದು ದಿನ ಇದು ಎಂದು ಹಾಕುತ್ತಿರಬಾರದು. ಹಾಗೆ ಮಾಡಿದರೆ ರಬ್ಬರು ಉಬ್ಬುತ್ತಲೂ ಕುಗ್ಗುತ್ತಲೂ ಇದ್ದು ಬೇಗ ಹಾಳಾಗುವುದು.

೭. ನಮ್ಮಲ್ಲಿಯ ಸ್ಥಿತಿ

ಆಲ್ಕೈಲೇಟ್ ಭಾರತಕ್ಕೆ ಅಪರಿಚಿತವಾದ ವಸ್ತುವಲ್ಲ. ಗುಜರಾತಿನ ಜಾಮ್‌ನಗರದ ಕಾರ್ಖಾನೆಯಲ್ಲಿ ಇದನ್ನು ತಯಾರಿಸುವ ಬಹು ದೊಡ್ಡ ಘಟಕವಿದೆ. ಆದರೆ ಸಾಮಾನ್ಯವಾಗಿ ಈ ವಸ್ತುವು ವಾಹನಗಳ ಪೆಟ್ರೋಲಿನ ಗುಣವನ್ನು ಉತ್ತಮಪಡಿಸಲು ಅದರೊಡನೆ ಬೆರೆತುಹೋಗುವುದು. ಊರಿನ ಪೆಟ್ರೋಲ್ ಬಂಕಿನಲ್ಲಿ ತುಂಬಿಸಿಕೊಳ್ಳುವುದು ವಾಹನಗಳ ಪೆಟ್ರೋಲೇ ಹೊರತು ಚಿಕ್ಕ ಯಂತ್ರಗಳ ಆಲ್ಕೈಲೇಟ್ ಅಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶೇಕಡಾ ೨೦ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟವು ೨೦೨೩ನೆಯ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಆರಂಭವಾಗಿ, ಅನಂತರ ದೇಶದಲ್ಲೆಲ್ಲಾ ಹರಡಿತು. ಕಬ್ಬು ಮತ್ತು ಧಾನ್ಯಗಳಿಂದ ತಯಾರಾಗುವ ಎಥನಾಲಿನಿಂದ ರೈತರಿಗೆ ಪ್ರಯೋಜನವುಂಟು. ಅದಕ್ಕೆ ತಕ್ಕಂತೆ ರಚಿಸಿದ ವಾಹನಗಳಿಗೆ ಅದು ಸರಿ. ಆದರೆ ಎಥನಾಲ್ ಗಾಳಿಯಲ್ಲಿಯ ತೇವವನ್ನು ಹೀರುವ ಸ್ವಭಾವದ್ದು. ಮಲೆನಾಡಿನ ಮಳೆಗಾಲದಲ್ಲಿ ಅರೆತುಂಬಿದ ಡಬ್ಬಿಯಲ್ಲಿ ಬಹುದಿನವಿಟ್ಟರೆ ನೀರು ಸೇರಿದ ಎಥನಾಲ್ ಬೇರೆಯಾಗಿ ಅಡಿಗೆ ಇಳಿಯುವ ಸಂಭವವುಂಟು. ಬೆರೆಸಿದ ಎಣ್ಣೆಯು ಮೇಲಿನ ಪೆಟ್ರೋಲಿನಲ್ಲಿಯೇ ನಿಲ್ಲುತ್ತದೆ. ಯಂತ್ರವು ಅಡಿಯಿಂದ ಹೀರುವುದರಿಂದ ಎಣ್ಣೆಯಿಲ್ಲದ ದ್ರವವು ಎಂಜಿನ್ನಿಗೆ ಹೋಗಿ ಅದು ಕೆಡುತ್ತದೆ. ತಯಾರಕರಲ್ಲಿ ಅನೇಕರು ತಮ್ಮ ಗರಗಸಗಳಿಗೆ ಶೇಕಡಾ ೧೦ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲು ತಕ್ಕುದಲ್ಲವೆಂದು ಸೂಚಿಸಿರುತ್ತಾರೆ. ಆದಕಾರಣ ಯಂತ್ರದೊಡನೆ ಬಂದ ಪುಸ್ತಕವನ್ನು ನೋಡಿ, ಸಂದೇಹವಿದ್ದರೆ ಮಾರಿದವರನ್ನು ವಿಚಾರಿಸಿಕೊಳ್ಳುವುದು ಅವಶ್ಯ. ಆಲ್ಕೈಲೇಟ್ ಪೆಟ್ರೋಲಿನಲ್ಲಿ ಎಥನಾಲ್ ಇರುವುದಿಲ್ಲವಾದುದರಿಂದ ಈ ತೊಂದರೆಯೇ ಇಲ್ಲ.

೮. ಆಲ್ಕೈಲೇಟ್ ದೊರೆಯದಿರುವಲ್ಲಿ ಮಾಡತಕ್ಕದ್ದು

ಶುದ್ಧ ಇಂಧನವು ಕೈಗೆ ಬರುವವರೆಗೆ ಕೈಕಟ್ಟಿ ಕೂಡಬೇಕಾದುದಿಲ್ಲ. ಖರ್ಚಿಲ್ಲದೆ ಅಥವಾ ಅಲ್ಪ ಖರ್ಚಿನಲ್ಲಿ ಹಾನಿಯನ್ನು ತಗ್ಗಿಸುವ ಉಪಾಯಗಳು ಹಲವಿವೆ.

ಮೊದಲನೆಯದಾಗಿ, ಎಣ್ಣೆಯನ್ನು ಕಣ್ಣಂದಾಜಿನಲ್ಲಿ ಸುರಿಯಬಾರದು. ಎಣ್ಣೆ ಹೆಚ್ಚಾದರೆ ಹೊಗೆ ಹೆಚ್ಚು. ಕಡಮೆಯಾದರೆ ಯಂತ್ರ ನಾಶ. ತಯಾರಕರು ೫೦ಕ್ಕೆ ೧ ಎಂದು ಹೇಳಿದ್ದರೆ ೧ ಲೀಟರ್ ಪೆಟ್ರೋಲಿಗೆ ೨೦ ಮಿಲಿಲೀಟರ್, ೫ ಲೀಟರಿಗೆ ೧೦೦ ಮಿಲಿಲೀಟರ್ ಎಣ್ಣೆ. ೨೫ಕ್ಕೆ ೧ ಎಂದಿದ್ದರೆ ಇದರ ಎರಡರಷ್ಟು. ಗೀಟುಗಳುಳ್ಳ ಅಳತೆಯ ಪಾತ್ರೆಯೊಂದನ್ನು ಡಬ್ಬಿಗೆ ಕಟ್ಟಿಯೇ ಇಡಬೇಕು. ಎಣ್ಣೆಯು ತಯಾರಕರು ಹೇಳಿದ ದರ್ಜೆಯ ಟೂ ಟಿ ಎಣ್ಣೆಯಾಗಿರಬೇಕು. ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಎಣ್ಣೆಯನ್ನು ಎಂದಿಗೂ ಬೆರೆಸಕೂಡದು.

ಎರಡನೆಯದಾಗಿ, ಒಂದೆರಡು ವಾರಕ್ಕೆ ಬೇಕಾದಷ್ಟನ್ನೇ ಬೆರೆಸಬೇಕು. ಕೆಲಸದ ಕಾಲ ಮುಗಿದೊಡನೆ ತೊಟ್ಟಿಯನ್ನು ಬರಿದುಮಾಡಿ, ಕಾರ್ಬುರೇಟರಿನಲ್ಲಿ ಉಳಿದುದು ತೀರುವವರೆಗೆ ಯಂತ್ರವನ್ನು ನಡೆಯಿಸಿ ಒಳಗಿಡಬೇಕು.

ಮೂರನೆಯದಾಗಿ, ಗಾಳಿಯ ಜರಡಿಯನ್ನು ದಿನವೂ ಶುಚಿಮಾಡಬೇಕು. ಜರಡಿ ಕಟ್ಟಿಕೊಂಡರೆ ಪೆಟ್ರೋಲು ಅರೆಬರೆ ಉರಿದು ಹೊಗೆ ಇಮ್ಮಡಿಸುವುದು. ಮೊಂಡಾದ ಸರಪಣಿಯಿಂದ ಹತ್ತು ನಿಮಿಷದ ಕೊಯ್ತವು ಇಪ್ಪತ್ತು ನಿಮಿಷವಾಗಿ, ಹೊಗೆ ಕುಡಿಯುವ ಕಾಲವೂ ಅಷ್ಟಕ್ಕಷ್ಟೇ ಹೆಚ್ಚುವುದು. ಅದನ್ನು ಆಗಾಗ್ಗೆ ಅರದಿಂದ ಹರಿತಮಾಡಬೇಕು.

ನಾಲ್ಕನೆಯದಾಗಿ, ಕೆಲಸಗಾರನು ಗಾಳಿ ಬರುವ ಕಡೆಯಲ್ಲಿ ನಿಂತು, ಹೊಗೆಯು ತನ್ನಿಂದ ದೂರ ಹೋಗುವಂತೆ ನೋಡಿಕೊಳ್ಳಬೇಕು. ಗಾಳಿಯಾಡದ ತಗ್ಗಿನಲ್ಲಿ ಒಬ್ಬನನ್ನೇ ದಿನವೆಲ್ಲಾ ದುಡಿಸದೆ ಇಬ್ಬರು ಸರದಿಯಿಂದ ಮಾಡುವಂತೆ ಏರ್ಪಡಿಸಬೇಕು. ಬೇಡದಿರುವಾಗ ಎಂಜಿನ್ನನ್ನು ಸುಮ್ಮನೆ ಓಡಲು ಬಿಡಬಾರದು.

ಐದನೆಯದಾಗಿ, ರಬ್ಬರು ಕೊಳವೆಯನ್ನು ಬಾಯಿಗಿಟ್ಟು ಪೆಟ್ರೋಲನ್ನು ಸೆಳೆಯುವ ಅಭ್ಯಾಸವನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಶ್ವಾಸಕೋಶಕ್ಕೆ ಇಳಿದ ಸ್ವಲ್ಪ ಪೆಟ್ರೋಲೂ ಪ್ರಾಣಕ್ಕೆ ಸಂಚಕಾರ ತರಬಲ್ಲುದು. ಜಿಡ್ಡಾದ ಕೈಗಳನ್ನು ಪೆಟ್ರೋಲಿನಿಂದ ತೊಳೆಯುವುದೂ ಸಲ್ಲದು. ಅದಕ್ಕೆ ಸಾಬೂನು, ಸೀಗೆಪುಡಿ ಸಾಕು.

ಕೊನೆಯದಾಗಿ, ಹೊಸ ಯಂತ್ರವನ್ನು ಕೊಳ್ಳುವವರು ಫೋರ್ ಸ್ಟ್ರೋಕ್ ಎಂಜಿನ್ನಿನ ಕಳೆ ಕತ್ತರಿಸುವ ಯಂತ್ರಗಳನ್ನೂ, ಚಿಕ್ಕ ಕೊಂಬೆಗಳ ಕೆಲಸಕ್ಕಾದರೆ ಬ್ಯಾಟರಿಯಿಂದ ನಡೆಯುವ ಗರಗಸಗಳನ್ನೂ ಪರಿಶೀಲಿಸಬೇಕು. ಬ್ಯಾಟರಿಯ ಗರಗಸಕ್ಕೆ ಹೊಗೆಯೇ ಇಲ್ಲ. ದೊಡ್ಡ ಮರಗಳನ್ನು ದಿನವಿಡೀ ಕೊಯ್ಯುವುದಕ್ಕೆ ಪೆಟ್ರೋಲಿನ ಯಂತ್ರವೇ ಇನ್ನೂ ಅನುಕೂಲವಾಗಿರುವುದರಿಂದ ಶುದ್ಧ ಇಂಧನದ ಆವಶ್ಯಕತೆಯು ಮುಖ್ಯವಾಗಿ ಅಲ್ಲಿಯೇ.

೯. ಮುಖಂಡರೂ ಜಮೀನುದಾರರೂ ಯೋಚಿಸತಕ್ಕದ್ದು

ಇಂಧನವನ್ನು ಕೊಳ್ಳುವವನು ಒಬ್ಬ, ಅದರ ಹೊಗೆಯನ್ನು ಕುಡಿಯುವವನು ಇನ್ನೊಬ್ಬ. ಈ ಬದಲಾವಣೆಗೆ ಅಡ್ಡವಾಗಿರುವ ನಿಜವಾದ ತೊಡಕು ಇದೇ. ಅಗ್ಗದ ಪೆಟ್ರೋಲಿನಿಂದ ಉಳಿಯುವ ಹಣವು ಜಮೀನುದಾರನ ಅಥವಾ ಗುತ್ತಿಗೆದಾರನ ಲೆಕ್ಕದಲ್ಲಿ ಕಾಣುತ್ತದೆ; ಕೆಲಸಗಾರನ ದೇಹಕ್ಕೆ ತಗಲುವ ನಷ್ಟವು ಯಾರ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಗರಗಸ ಹಿಡಿಯುವ ಆಳು ಸಾಮಾನ್ಯವಾಗಿ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತಾ ವರ್ಷದಲ್ಲಿ ಅನೇಕ ತಿಂಗಳು ಇದೇ ಕೆಲಸವನ್ನು ಮಾಡತಕ್ಕವನು. ಒಬ್ಬ ಜಮೀನುದಾರನಿಗೆ ಅದು ಹತ್ತು ದಿನದ ಹೊಗೆ. ಅವನಿಗಾದರೋ ಇಪ್ಪತ್ತು ವರ್ಷದ ಹೊಗೆ.

ಲೆಕ್ಕದ ದೃಷ್ಟಿಯಿಂದ ನೋಡಿದರೂ ಈ ಹೆಚ್ಚುವರಿ ವೆಚ್ಚವು ಭಯಪಡುವಂಥದಲ್ಲ. ಚಿಕ್ಕ ಹಿಡುವಳಿಯಲ್ಲಿ ಗರಗಸಕ್ಕೆ ವರ್ಷಕ್ಕೆ ಹಿಡಿಯುವ ಇಂಧನವು ಕೆಲವು ಡಬ್ಬಿಗಳಷ್ಟೇ. ಅದರ ಬೆಲೆ ಇಮ್ಮಡಿಯಾದರೂ ಮರ ಕೊಯ್ಯಿಸುವ ಒಟ್ಟು ಕೂಲಿಯೊಡನೆ ಹೋಲಿಸಿದರೆ ಅದು ಸಣ್ಣ ಅಂಶ. ಕಾರ್ಬುರೇಟರಿನ ದುರಸ್ತಿ, ಕೆಟ್ಟ ಮಿಶ್ರಣದಿಂದ ಹಾಳಾದ ಎಂಜಿನ್, ಅಸ್ವಸ್ಥತೆಯಿಂದ ತಪ್ಪಿದ ಆಳಿನ ದಿನಗಳು ಇವನ್ನೂ ಎದುರಿಗಿಟ್ಟು ತೂಗಬೇಕು.

ಒಬ್ಬೊಬ್ಬರೇ ಕೇಳಿದರೆ ವ್ಯಾಪಾರಿಯು ಇಂಥ ಇಂಧನವನ್ನು ತರಿಸುವುದಿಲ್ಲ. ಒಂದು ತಾಲ್ಲೂಕಿನ ಬೆಳೆಗಾರರು ತಮ್ಮ ಸಹಕಾರ ಸಂಘದ ಮೂಲಕ ವರ್ಷಕ್ಕೆ ಇಷ್ಟು ಬೇಕೆಂದು ಒಟ್ಟಾಗಿ ಲೆಕ್ಕಮಾಡಿ, ಎಣ್ಣೆಯ ಕಂಪೆನಿಗಳನ್ನೂ ಯಂತ್ರಗಳ ಮಾರಾಟಗಾರರನ್ನೂ ಕೇಳಿದರೆ ಆ ಬೇಡಿಕೆಗೆ ಬೆಲೆ ಬರುವುದು. ಮರ ಕೊಯ್ಯುವ ಗುತ್ತಿಗೆಯನ್ನು ಕೊಡುವಾಗ ಎಣ್ಣೆಯ ಅಳತೆ, ಇಂಧನದ ಗುಣ, ಕೆಲಸಗಾರರ ಸರದಿ ಇವುಗಳನ್ನು ಕರಾರಿನಲ್ಲಿಯೇ ಬರೆಯಿಸುವುದೂ ಊರಿನ ಮುಖಂಡರಿಗೆ ಕಷ್ಟವಲ್ಲ. ಸ್ವೀಡನ್ನಿನ ರೈತರು ತಮಗೆ ಬೇಕಾದುದನ್ನು ತಾವೇ ಸಂಘ ಕಟ್ಟಿಕೊಂಡು ಪಡೆದರು. ಸಹಕಾರದ ಪದ್ಧತಿಯು ನೂರು ವರ್ಷಕ್ಕೂ ಮೇಲ್ಪಟ್ಟು ರೂಢಿಯಲ್ಲಿರುವ ನಮ್ಮ ನಾಡಿನಲ್ಲಿ ಅದು ಅಸಾಧ್ಯವಾಗಲಾರದು.

ಅಲ್ಲಿಯವರೆಗೆ ಅಳತೆಯ ಪಾತ್ರೆ, ಹೊಸ ಪೆಟ್ರೋಲು, ಶುಚಿಯಾದ ಜರಡಿ, ಹರಿತವಾದ ಸರಪಣಿ, ಗಾಳಿಯ ದಿಕ್ಕಿನ ಗಮನ ಈ ಐದನ್ನು ಮುಂದಿನ ಮರಗಸಿಯ ಮೊದಲ ದಿನದಿಂದಲೇ ಆಚರಣೆಗೆ ತರಬಹುದು. ಇವಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.